ಪೈಪಿನ ಕೆಳಗಿನ ತುದಿ

ಅಯ್ಯಯ್ಯೋ, ಬಾಯಿಗಿಡಬೇಡ! ಇಡಬೇಡ ಅಂದೆನಲ್ಲ ಪುಟ್ಟಿ, ಕೊಡು ಇಲ್ಲಿ ಆ ಪೈಪು... ಹಾಗಲ್ಲ ಅದು. ನಿಮ್ಮಪ್ಪ ಹಾಗೆ ಮಾಡ್ತಿದ್ದ, ಹೌದು, ನಿಜ. ತುದಿಗೆ ಬಾಯಿಟ್ಟು ಸರ್ರಂತ ಎಳೀತಿದ್ದ. ಮೀನಿನ ನೀರು ಗಂಟಲಿಗೆ ಹೋಗಿ ಥೂ ಥೂ ಅಂತ ಉಗೀತಿದ್ದ. ಪ್ರತಿ ಸಲ! ಪ್ರತಿ ಸಲ ಉಗಿದ, ಒಂದು ಸಲಾನೂ ಕಲೀಲಿಲ್ಲ... ಏನು, ನಗು ಬಂತಾ? ನಗು, ನಗು. ಬಾಗಿಲಿಂದ ಒಳಗೆ ಬಂದಾಗಿನಿಂದ ಮುಖ ಬಿಗಿದುಕೊಂಡೇ ಇದೀಯ. ಅಪ್ಪನ ತಿಥಿ ಕೆಲಸವೆಲ್ಲ ಮುಗಿಸಿ ಹೋದವಳು ಇವತ್ತೇ ಬರ್ತಿರೋದು, ಬಂದವಳು ಟೀ ಬೇಡ ಅಂದೆ, ಊಟ ಬೇಡ ಅಂದೆ, ಚಪ್ಪಲಿ ಬಿಟ್ಟವಳೇ "ಚಿಕ್ಕಪ್ಪ, ಮೀನಿನ ತೊಟ್ಟಿ ನೀರು ಹೇಗೆ ಬದಲಾಯಿಸ್ತೀರಿ ತೋರಿಸಿ" ಅಂದೆ. ನನಗೆ ಒಂದು ಥರಾ ಆಯ್ತು. ಇರಲಿ. ಅಪ್ಪನ ಮೀನು, ಮಗಳು ಕಲೀಬೇಕು ಅಂತಾಳೆ, ತಪ್ಪೇನು?

ತಪ್ಪೇನಿಲ್ಲ ಅಂದೆ. ಯಾಕೆ ಹಾಗೆ ನೋಡ್ತೀಯ?

ಸರಿ, ನೋಡು. ಇದು ನಾನು ಕಂಡುಕೊಂಡಿರೋ ಸುಲಭದ ದಾರಿ. ಬಾಯಿ ಬೇಕಾಗಿಲ್ಲ. ಪೈಪನ್ನ ನಲ್ಲಿ ಕೆಳಗೆ ಹಿಡಿದು ಪೂರ್ತಿ ನೀರು ತುಂಬಿಸ್ಕೋಬೇಕು. ಪೂರ್ತಿ ಅಂದ್ರೆ ಪೂರ್ತಿ, ಒಂದು ಗಾಳಿಗುಳ್ಳೆ ಉಳೀಬಾರದು. ಗುಳ್ಳೆ ಉಳಿದರೆ ನೀರು ಅಲ್ಲೇ ಮುಷ್ಕರ ಹೂಡತ್ತೆ. ಆಮೇಲೆ ಎರಡು ತುದಿಗೂ ಹೆಬ್ಬೆರಳು ಒತ್ತಿ... ಹೀಗೆ... ಒಂದು ತುದಿ ತೊಟ್ಟಿ ಒಳಗೆ, ಇನ್ನೊಂದು ತುದಿ ಬಕೆಟ್ಟಿಗೆ. ಬಕೆಟ್ಟು ಕೆಳಗಿರಬೇಕು, ತೊಟ್ಟಿ ಮೇಲಿರಬೇಕು. ಇದು ಗೊತ್ತಿರೋದೇ, ಆದರೂ ಹೇಳ್ತೀನಿ. ಇಷ್ಟು ಸಣ್ಣದು ಹೇಳದೇ ಬಿಟ್ಟರೆ ಆಮೇಲೆ ಕೆಲಸ ಕೆಡತ್ತೆ.

ಅಲ್ಲಿ ಕೂರಬೇಡ. ಸ್ಟೂಲು ತಂದುಕೊಡ್ತೀನಿ... ಬೇಡ್ವಾ? ನೆಲದ ಮೇಲೇನಾ? ನೆಲ ತಣ್ಣಗಿದೆಯಲ್ಲ, ಅದಕ್ಕೆ ಹೇಳಿದೆ. ಬೇರೇನಿಲ್ಲ... ಹೌದು. ಹೌದು ಪುಟ್ಟಿ, ನಿಮ್ಮಪ್ಪ ಬಿದ್ದಿದ್ದು ಅಲ್ಲೇ. ನೀನು ಕೂತಿರೋ ಜಾಗದಲ್ಲೇ. ತಲೆ ಈ ಗೋಡೆ ಕಡೆ ಇತ್ತು, ಕಾಲು ಬಾಗಿಲ ಕಡೆ. ಎಷ್ಟು ಸಲ ಹೇಳಿಸ್ತೀಯ? ಫೋನಲ್ಲಿ ಹೇಳಿದೀನಿ, ಬಂದಾಗ ಹೇಳಿದೀನಿ, ಮತ್ತೆ ಫೋನಲ್ಲಿ ಹೇಳಿದೀನಿ. ನಾನು ಮನೇಲಿರಲಿಲ್ಲ. ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತಲ್ಲ, ಅದನ್ನ ಹಾಗೇ ಸುರಿದರೆ ಮೀನಿಗೆ ಆಗಲ್ಲ, ಅದಕ್ಕೆ ಒಂದು ಹನಿ ಔಷಧಿ ಹಾಕಬೇಕು, ಅದು ಮುಗಿದಿತ್ತು. ತರೋಕೆ ಹೋಗಿದ್ದೆ. ಅಂಗಡೀಲಿ ಜನ ಇದ್ದರು, ತಡವಾಯ್ತು. ಬಂದು ನೋಡಿದರೆ ಬಿದ್ದಿದ್ದ. ಕೈಲಿ ಪೈಪು ಹಾಗೇ ಇತ್ತು, ನೀರು ಎಳೆದು ಬಕೆಟ್ಟಿಗೆ ಬಿಟ್ಟಿದ್ದ, ಅಷ್ಟರಲ್ಲಿ... ಮುಟ್ಟಿದೆ. ತಣ್ಣಗಾಗಿಬಿಟ್ಟಿದ್ದ.

ಗೊತ್ತು, ಡಾಕ್ಟರು ನಿನ್ನ ಹತ್ತಿರ ಏನು ಹೇಳಿದರು ಅಂತ ಗೊತ್ತು. ಬಿದ್ದ ಮೇಲೂ ತುಂಬಾ ಹೊತ್ತು ಜೀವ ಇತ್ತು, ಯಾರಾದರೂ ಪಕ್ಕದಲ್ಲಿದ್ದು ಕರೆದುಕೊಂಡು ಬಂದಿದ್ದರೆ... ನೀನೂ ಆಸ್ಪತ್ರೆಲಿ ಕೆಲಸ ಮಾಡೋಳು, ದಿನಾ ಇಂಥದ್ದು ನೋಡೋಳು, ನಿನಗೆ ಅದೇ ಮಾತು ತಲೇಲಿ ಕೊರೀತಿದೆ. ಆದರೆ ಯಾರೂ ಇರಲಿಲ್ಲವಲ್ಲ! ಇದ್ದಿದ್ದರೆ ಬೇರೆ ಮಾತು. ಇರಲಿಲ್ಲ.

ಕೆಟ್ಟದಾಗೇನೂ ಕಲ್ಪಿಸ್ಕೋಬೇಡ. ನರಳಿದ ಹಾಗೆ ಕಾಣಲಿಲ್ಲ. ನಿದ್ದೆ ಬಂದು ಮಲಗಿದ ಹಾಗಿದ್ದ. ಅಂಗಿ ಒದ್ದೆಯಾಗಿರಲಿಲ್ಲ, ನೆಲದ ಮೇಲೆ ಒಂದು ಹನಿ ನೀರಿರಲಿಲ್ಲ. ಬೇಕಾದರೆ ಪಕ್ಕದ ಮನೆ ಟೈಲರಮ್ಮನ್ನ ಕೇಳು, ನಾನು ಕೂಗಿದ್ದಕ್ಕೆ ಓಡಿ ಬಂದೋಳು ಅವಳೇ. ನಿಮ್ಮಪ್ಪ ಕೊಳಕು ನೀರಲ್ಲಿ ಬಿದ್ದು ಹೊರಳಾಡಿ ಹೋಗಲಿಲ್ಲ, ಅಷ್ಟು ಸಮಾಧಾನ ಇಟ್ಕೋ...

ಓ. ಕೇಳಿದ್ಯಾ?

ಯಾವಾಗ ಕೇಳಿದೆ? ಇಲ್ಲಿಗೆ ಬರೋಕೆ ಮುಂಚೆ ಅವಳ ಮನೆಗೆ ಹೋಗಿದ್ಯಾ? ...ಒಳ್ಳೇದಾಯ್ತು. ನಾನು ಹೇಳಿದ್ದನ್ನೇ ಹೇಳಿರ್ತಾಳೆ. ಅದನ್ನೇ ಅಲ್ವಾ ಹೇಳಿದ್ದು? ನೆಲ ಒಣಗಿತ್ತು ಅಂತ?

ಸರಿ ಸರಿ, ಪಾಠ ಎಲ್ಲಿಗೆ ನಿಂತಿತ್ತು? ಹಾಂ, ತುದಿ. ನೋಡು, ತೊಟ್ಟಿ ಅಂಚಿಗೆ ಈ ಕ್ಲಿಪ್ಪು ಕೂರಿಸಿದಾನಲ್ಲ, ಇದು ಅವನ ಕೈಕೆಲಸ. ಕನ್ನಡಕದ ಅಂಗಡಿಯವನು ಬೇರೆ ಏನು ಮಾಡ್ತಾನೆ, ಫ್ರೇಮಿಗೆ ಹಾಕೋ ಸ್ಕ್ರೂ ತಂದು ಇದಕ್ಕೆ ಹಾಕಿದ. ಹಿಂದೆ ಒಂದು ಸಲ ಪೈಪು ಜಾರಿ ಆಚೆ ಬಂದು ಸೋಫಾ ಮೇಲೆಲ್ಲ ಸುರಿದಿತ್ತು, ಆವಾಗಿನಿಂದ ಇದು. ಈಗ ಎಮ್ಮೆ ಕಟ್ಟಿ ಎಳೆದರೂ ಬರಲ್ಲ. ಇಲ್ಲಿ ಸಿಕ್ಕಿಸು... ಟಕ್ಕಂತ ಸದ್ದು ಬಂತಲ್ಲ, ಅಷ್ಟೆ. ಈಗ ಕೆಳಗಿನ ಹೆಬ್ಬೆರಳು ತೆಗಿ.

ಆಹಾ! ಬಂತು ನೋಡು. ಬಾಯಿಲ್ಲ, ಉಗುಳಿಲ್ಲ, ಥೂ ಇಲ್ಲ. ಲೋಟದಲ್ಲಿ ಮೊಗೆದು ಮೊಗೆದು ಹಾಕಿದರೆ ಸೊಂಟ ಬಿದ್ದುಹೋಗತ್ತೆ, ಇದರಲ್ಲಿ ಕೂತ ಕಡೆ ಕೆಲಸ. ತಳದ ಕಲ್ಲಿನ ಹತ್ತಿರ ಇಟ್ಟರೆ ಗಲೀಜೂ ಜೊತೆಗೇ ಬಂದುಬಿಡತ್ತೆ, ನೋಡಲ್ಲಿ, ಕಂದು ಬಣ್ಣ. ಅದೆಲ್ಲ ಹೆಡ್‌ಮೇಷ್ಟ್ರದ್ದು. ಆ ದಪ್ಪ ಕೆಂಪು ಮೀನು, ಅದಕ್ಕೆ ಹೆಡ್‌ಮೇಷ್ಟ್ರು ಅಂತ ಹೆಸರಿಟ್ಟಿದ್ದು ನಿಮ್ಮಪ್ಪ. ಸುಮ್ಮನೆ ಅತ್ತಿಂದಿತ್ತ ಓಡಾಡತ್ತೆ, ಕೆಲಸ ಏನೂ ಮಾಡಲ್ಲ, ಎಲ್ಲರ ಮೇಲೂ ಒಂದು ಕಣ್ಣು. ನಿಮ್ಮಪ್ಪ ಗಾಜಿನ ಹತ್ತಿರ ಬಂದರೆ ಬಾಲ ಬೀಸ್ಕೊಂಡು ಬರ್ತಿತ್ತು. ನಾನು ಬಂದರೆ ತಿರುಗಿ ನಿಲ್ತಿತ್ತು. ಈಗಲೂ ಅಷ್ಟೇ. ಅನ್ನ ಹಾಕೋ ಕೈ ನಂದು, ಆದರೂ...

ನಗಬೇಡ. ಮೀನಿಗೂ ಗೊತ್ತಾಗತ್ತೆ ಯಾರು ಯಜಮಾನ ಅಂತ.

ನಿನಗೆ ಗೊತ್ತಿಲ್ಲ ಬಿಡು, ನೀನು ಓದೋಕೆ ಅಂತ ಹೊರಗೇ ಇದ್ದೋಳು. ಈ ಮನೇಲಿ ಈ ಕೆಲಸಕ್ಕೆ ಇಬ್ಬರು ಬೇಕು. ಮೇಲಿನ ತುದಿ ಅಣ್ಣಂದು, ಕೆಳಗಿನ ತುದಿ ನಂದು. ಅವನು ಎಳೆದು ಕೊಡೋನು, ನಾನು ಕೆಳಗೆ ಕೂತು ಬಕೆಟ್ಟು ನೋಡ್ಕೊಳ್ಳೋನು. ನೀರು ಬಕೆಟ್ಟಿನ ಕತ್ತಿನವರೆಗೆ ಬಂದ ಕೂಡಲೇ ಅವನು "ಸಾಕು!" ಅಂತ ಕೂಗೋನು, ನಾನು ಪೈಪನ್ನ ಮೇಲಕ್ಕೆತ್ತಿ ಹಿಡಿಯೋನು. ಎತ್ತಿದರೆ ನೀರು ನಿಲ್ಲತ್ತೆ. ಅಷ್ಟೇ ನನ್ನ ಕೆಲಸ. ಅಂಗಡೀಲೂ ಹಾಗೇ. ಗಿರಾಕಿ ಕಣ್ಣಿಗೆ ಕನ್ನಡಕ ಇಡೋದು ಅಣ್ಣ, ಒರೆಸಿ ಡಬ್ಬಿಗೆ ಹಾಕೋದು ನಾನು. ಮೀಸೆ ಚಿಗುರಿದಾಗಿನಿಂದ ಒರೆಸ್ತಾನೇ ಇದೀನಿ. ಜನ ನನ್ನ ಹಿಂದೆ ಏನಂತಿದ್ದರು ಗೊತ್ತಾ? "ಅಣ್ಣನಿಗೆ ಚೆನ್ನಾಗಿ ಬಕೆಟ್ ಹಿಡೀತಾನೆ" ಅಂತ. ನಾನು ನಿಜವಾಗಲೂ ಹಿಡೀತಿದ್ದೆ! ಭಾನುವಾರ ಭಾನುವಾರ, ಇಲ್ಲೇ ಕುಕ್ಕರುಗಾಲಲ್ಲಿ ಕೂತು!

ಅದರಲ್ಲೂ ಬೈಸ್ಕೋಬೇಕು. ಒಂದು ಲೋಟ ನೀರು ಚೆಲ್ಲಿದರೆ ಸಾಕು, "ಒಂದು ಬಕೆಟ್ಟು ನೆಟ್ಟಗೆ ನೋಡ್ಕೊಳ್ಳೋಕೆ ಬರಲ್ಲ, ನಿನಗೆ ಅಂಗಡಿ ಬಿಟ್ಟುಕೊಡ್ತೀನಾ?" ಅಂತ. ಯಾರು ಕೇಳಿದ್ದರು ಅಂಗಡೀನ? ನಾನು ಕೇಳಿದ್ದು ಒಂದೇ ಒಂದು ಸಲ, ಗಿರಾಕಿ ಮುಂದೆ ನನ್ನನ್ನ ಕೂತ್ಕೊಳ್ಳೋಕೆ ಬಿಡು ಅಂತ. ಆವತ್ತೂ ಅದನ್ನೇ ಅಂದ, ಬಗ್ಗಿ ಪೈಪು ಬಾಯಿಗಿಡ್ತಾ...

ಅಂದ್ರೆ, ಬೆಳಿಗ್ಗೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅಂದ. ಪೈಪು ಯಾಕೆ ಬಂತು ನನ್ನ ಬಾಯಲ್ಲಿ? ಯಾವಾಗಲೂ ಪೈಪು ಹಿಡ್ಕೊಂಡೇ ಬೈತಿದ್ದನಲ್ಲ, ಎರಡೂ ಸೇರಿಹೋಯ್ತು. ಮರೆವು ನೋಡು.

ಏನಾದರೂ ಮಾತಾಡು ಪುಟ್ಟಿ. ನಾನೊಬ್ಬನೇ ವಟವಟ ಅಂತಿದೀನಿ.

...ಸರಿ. ಈಗ ಮುಖ್ಯವಾದ ವಿಷಯ, ಕಿವಿಗೊಟ್ಟು ಕೇಳು. ಇದೊಂದು ಮರೆತರೆ ಮನೆ ಕೆಡತ್ತೆ. ನೀರು ಒಂದು ಸಲ ಇಳಿಯೋಕೆ ಶುರುವಾಯ್ತು ಅಂದರೆ ತಾನಾಗೇ ನಿಲ್ಲಲ್ಲ. ನೀನು ಇರು, ಇಲ್ಲದೇ ಇರು, ಅದಕ್ಕೇನೂ ಆಗಬೇಕಾಗಿಲ್ಲ. ಬಕೆಟ್ಟು ತುಂಬತ್ತೆ, ತುಂಬಿದ ಮೇಲೂ ಬರ್ತಾನೇ ಇರತ್ತೆ, ನೆಲಕ್ಕೆ ಹರಿಯತ್ತೆ, ಬಾಗಿಲು ದಾಟತ್ತೆ, ತೊಟ್ಟಿ ತಳ ಕಾಣೋವರೆಗೂ ಬಿಡಲ್ಲ, ಮೀನು ಕಲ್ಲಿನ ಮೇಲೆ ಬಿದ್ದು ವಿಲವಿಲ ಅಂತಿರ್ತವೆ. ಯಾರಾದರೂ ಒಬ್ಬರು ಇದ್ದು, ಕೈಯಾರೆ ಈ ಕೆಳಗಿನ ತುದೀನ ಎತ್ತಿದರೇನೇ...

ಏನು ನೋಡ್ತಿದೀಯ ನೆಲದಲ್ಲಿ?

ಹಾಗೆ ಕೈಯಿಂದ ನೆಲ ಸವರಬೇಡ. ಧೂಳಿದೆ.

ಇಲ್ಲ, ಅದು ಹಾಗಲ್ಲ. ನೀನು ಏನೋ ಯೋಚನೆ ಮಾಡ್ತಿದೀಯ, ಅದು ಹಾಗಲ್ಲ. ಹೇಳ್ತೀನಿ ಕೇಳು. ಬೀಳುವಾಗ ಪೈಪು ಕೈಲೇ ಇತ್ತಲ್ಲ, ಅದು ಎಳೆದುಕೊಂಡು ತೊಟ್ಟಿಯಿಂದ ಆಚೆ ಬಂದಿರಬೇಕು. ಆಚೆ ಬಂದರೆ ನೀರು ನಿಂತೇ ನಿಲ್ಲತ್ತೆ. ಅಷ್ಟೇ ಕಣೇ! ಅದಕ್ಕೇ ನೆಲ...

ಏ, ಎಳೀಬೇಡ. ಅಷ್ಟು ಜೋರಾಗಿ ಎಳೀಬೇಡ, ತೊಟ್ಟಿ ಅಲ್ಲಾಡ್ತಿದೆ!

...ಬರಲ್ಲ. ಗೊತ್ತು. ಬರಲ್ಲ ಅಂತ ನಾನೇ ಹೇಳಿದೆನಲ್ಲ. ಆವತ್ತು ಕ್ಲಿಪ್ಪು ಹಾಕಿರಲಿಲ್ಲವೋ ಏನೋ. ಅಥವಾ ಪೈಪು ಮಡಚಿಕೊಂಡಿತ್ತು. ಮೈ ಕೆಳಗೆ ಸಿಕ್ಕಿ ಮಡಚಿರತ್ತೆ, ಮಡಚಿದರೆ ನೀರು ಹೋಗಲ್ಲ... ಕೈಲಿತ್ತು ಅಂತ ನಾನೇ ಅಂದೆ, ಹೌದು, ಕೈಲೂ ಇತ್ತು, ಮೈ ಕೆಳಗೂ ಇತ್ತು, ಉದ್ದ ಪೈಪು, ಎರಡು ಕಡೆ ಇರಬಾರದಾ? ನಾನೇನು ಅಳತೆ ಹಿಡಿದು ನೋಡ್ತಾ ಕೂತಿದ್ದೆನಾ?

ಕೂತಿರಲಿಲ್ಲ. ಮನೇಲೇ ಇರಲಿಲ್ಲ ಅಂದೆನಲ್ಲ.

ಪುಟ್ಟಿ, ಬಕೆಟ್ಟು ನೋಡು. ಕತ್ತಿನವರೆಗೆ ಬಂತು. ಸಾಕು. ಎತ್ತು ಪೈಪನ್ನ.

ಎತ್ತಮ್ಮ. ನಿನ್ನ ಪಕ್ಕದಲ್ಲೇ ಇದೆ ತುದಿ, ಹೀಗೆ ಮೇಲಕ್ಕೆ ಹಿಡಿದರೆ ಆಯ್ತು, ಮಗುಗೂ ಬರತ್ತೆ... ಕೈ ಯಾಕೆ ಮಡಿಲಲ್ಲಿಟ್ಟುಕೊಂಡೆ? ತುಂಬ್ತಾ ಇದೆ! ಅಂಚಿಗೆ ಬಂತು. ಅಯ್ಯೋ, ಚೆಲ್ತು ನೋಡು, ಚೆಲ್ತು, ನಿನ್ನ ಬಟ್ಟೆ ಕಡೆಗೇ ಬರ್ತಿದೆ, ಏಳು! ಎದ್ದೇಳೇ!

ತಮಾಷೆನಾ ಇದು? ನನ್ನನ್ನ ಪರೀಕ್ಷೆ ಮಾಡ್ತಿದೀಯಾ? ಮಾಡು. ನಾನೂ ಎತ್ತಲ್ಲ. ನೋಡು, ಕೈ ಕಟ್ಕೊಂಡು ನಿಂತೆ. ನಿನ್ನಪ್ಪನ ಮನೆ, ನಿನ್ನಪ್ಪನ ನೆಲ, ಏನಾದರೂ ಆಗಲಿ.

...

ಬಾಗಿಲವರೆಗೂ ಹೋಯ್ತು ನೀರು.

...

ಪುಟ್ಟಿ, ಹೆಡ್‌ಮೇಷ್ಟ್ರ ಬೆನ್ನು ಆಚೆ ಬಂತು. ಅಡ್ಡ ಬಿದ್ದ ನೋಡು, ಬಾಯಿ ಬಾಯಿ ಬಿಡ್ತಿದಾನೆ. ಮೂಕ ಪ್ರಾಣಿ ಅದು, ಅದೇನು ಮಾಡಿತ್ತು ನಿನಗೆ? ನಿನಗೆ ಕರುಣೆ ಇಲ್ವಾ? ಅಲ್ಲಿ ಒಂದು ಜೀವ ಒದ್ದಾಡ್ತಿದ್ದರೆ ನೋಡ್ತಾ ಕೂತಿದೀಯಲ್ಲ, ಕೈ ಚಾಚಿದರೆ ಆಗತ್ತೆ, ಬರೀ ಕೈ ಚಾಚಿದರೆ...

ಅತ್ತ ಸರಿ! ಬಿಡು, ನಾನೇ... ಹಾಂ. ಎತ್ತಿದೆ. ನಿಂತಿತು. ನಿಂತಿತು ನೋಡು. ಇಷ್ಟೇ ಕೆಲಸ. ಎತ್ತಬೇಕು, ಒಳಗಿನ ನೀರು ಜಾಡಿಸಬೇಕು, ಸುತ್ತಬೇಕು... ಉಸಿರಾಡ್ತಿದಾನೆ, ಏನೂ ಆಗಲ್ಲ, ಒಂದು ಚೊಂಬು ನೀರು ಹಾಕಿದರೆ ಸರಿಹೋಗ್ತಾನೆ. ಆಮೇಲೆ ಬಟ್ಟೆ ತಂದು ನೆಲ ಒರೆಸಬೇಕು, ಈ ಕಡೆಯಿಂದ ಆ ಕಡೆಗೆ, ತಲೆ ಹತ್ತಿರ ಮೊದಲು, ಆಮೇಲೆ ತೋಳು ಪಕ್ಕಕ್ಕೆ ಸರಿಸಿ ಅದರ ಕೆಳಗೆ, ಹಿಂಡಿ ಮತ್ತೆ ಒರೆಸಬೇಕು, ಒಂದು ಹನಿ ಉಳಿದರೂ ಬೈತಾನೆ...

...

ಯಾಕೆ ನನ್ನ ಕೈ ನೋಡ್ತಿದೀಯ?

ಏಳು ಅಲ್ಲಿಂದ. ಬಟ್ಟೆಯೆಲ್ಲ ಒದ್ದೆಯಾಗಿದೆ, ಏಳಮ್ಮ. ಏನಾದರೂ ಅನ್ನು. ಬೇಕಾದರೆ ಬೈ. ಅಲ್ಲೇ ಕೂತು, ಕೆಳಗಿನಿಂದ ಹಾಗೆ ನೋಡಬೇಡ ಪುಟ್ಟಿ...

ಅವನೂ ಹಾಗೇ ನೋಡ್ತಿದ್ದ. ನಾನು ಒರೆಸಿ ಮುಗಿಸೋವರೆಗೂ.