ಬರ್ತೀನ್ರಿ ಅಂದದ್ದು

ನಗಬ್ಯಾಡ್ರಿ. ಇದು ನಮ್ಮ ಮನ್ಯಾಗ ಆದದ್ದು. ನಮ್ಮ ಭಾಮಾ ಅತ್ಯಾ ಪುಣೆ ಬಾಜೂಕ ನಿಗಡಿಯೊಳಗ ಇರ್ತಾಳಲ್ಲ, ಆಕಿ ಮಗಳು ಅನುಜಾಗ.

ಒಂದ್ ಸಂಜಿ ಕತ್ತಲಾದ ಮ್ಯಾಲೆ ಅನುಜಾ ಬಸ್ ಇಳದು, ಆಲದ ಮರದ ಬಾಜೂಕ ಹಾದು ಮನಿಗೆ ನಡದಿದ್ಲು. ಹಿಂದ ಸಪ್ಪಳಾತು. ಕಿರ್ರ್... ಟಕ್. ಟೊಂಗಿ ಮುರದದ್ದಲ್ಲ. ಕಟಗಿ ಮ್ಯಾಲೆ ಕಬ್ಬಿಣದ ಚಿಲಕ ಬಿದ್ದದ್ದು. ತಿರುಗಿ ನೋಡಿದ್ಲು... ಯಾರೂ ಇಲ್ಲ. ಆದ್ರ ಆ ಸಪ್ಪಳದ ಗುರುತು ಆಕೀಗಿತ್ತು. ಅದನ್ನ ಕೇಳೇ ಕೆಲಸದಿಂದ ಓಡಿ ಬಂದಿದ್ಲು.

ಕೆಲಸ ಅಂದ್ರ, ಪುಣೆ ಪೇಟ್ಯಾಗಿನ ಒಂದು ಮ್ಯೂಸಿಯಂದಾಗ. ಹಳೇ ಕಟಗಿ ಸಾಮಾನಿನ ಧೂಳ ತಗದು, ಹುಳ ಹತ್ತದಂಗ ನೋಡಿಕೊಳ್ಳೂದು. ಅಲ್ಲೊಂದು ಪೆಟ್ಟಿಗಿ ಬಂದಿತ್ತು. ಸಾಗವಾನಿದು. ಮುಂದ ಗಿಳಿ, ಬಳ್ಳಿ ಕೆತ್ತಿದ್ದು. ಧಾರವಾಡ ಕಡೆ ಯಾವುದೋ ದೊಡ್ಡ ಮನಿತನದ ವಾಡೇದ್ದಂತ. ಒಳಗ ಖಾಲಿ. ಆ ಸಂಜಿ ಅನುಜಾ ಮುಚ್ಚಳ ಮುಚ್ಚಿ, ಚಿಲಕ ಹಾಕಿ, ಲೈಟ್ ಆರಿಸಿ, ಬಾಗಲದಾಗ ನಿಂತು ಅಂದ್ಲು, "ಬರ್ತೀನ್ರಿ."

ಯಾರಿಗಂದ್ಲು? ಯಾರಿಗೂ ಇಲ್ಲ. ನಮ್ಮ ಮಂದಿ ಎಂದಾದ್ರೂ "ಹೋಗ್ತೀನಿ" ಅಂತಾರೇನು? ದೇವರ ಖೋಲಿಯಿಂದ ಹೊರಬೀಳೂ ಮುಂದೂ "ಬರ್ತೀನಿ" ಅನ್ನೂದೇ. ರೂಢಿ. ಬಾಯಿಗೆ ಬಂದುಬಿಡ್ತದ.

ಕತ್ತಲದಾಗ ಮುಚ್ಚಳ ಕಿರ್ರ್... ಅಂತು. ಆಮ್ಯಾಲೆ ಹೆಂಗಸಿನ ದನಿ. ಕನ್ನಡದಾಗ.

"ಹೂಂ... ಲಗೂ ಬಾ."

ಟಕ್.

ಆ ಇಡೀ ಕಟ್ಟಡದಾಗ ಕನ್ನಡ ಬಲ್ಲಾಕಿ ಈಕಿ ಒಬ್ಬಾಕೇ ರೀ!

ಅವತ್ತಿಂದ ಶುರುವಾತು. ಅಡಗಿಮನ್ಯಾಗ ಟಕ್. ಹಾಸಿಗಿ ಕೆಳಗ ಟಕ್. ಅನುಜಾ ಕೆಲಸ ಬಿಟ್ಲು, ಅದು ಬಿಡಲಿಲ್ಲ. ಕೂತಲ್ಲಿ ಕೂಡವಲ್ಲಳು, ನಿಂತಲ್ಲಿ ನಿಲ್ಲವಲ್ಲಳು. ಊಟ ಹೋತು, ನಿದ್ದಿ ಹೋತು. ಕಡೀಕೆ ಹಾಸಿಗಿ ಬಾಜೂಕ ಚಪ್ಪಲಿ ಇಟ್ಕೊಂಡು ಮಲಗಲಿಕ್ಕೆ ಹತ್ತಿದ್ಲು... "ಬರ್ತೀನಿ ಅಂದೀನಲ್ಲವ್ವಾ. ದಾರಿ ನೋಡ್ತಿರ್ತಾಳ. ಹೋಗಬೇಕು" ಅಂತ ಪಿಸುಗುಟ್ಟೋಳು. ಅತ್ಯಾ ಎದಿ ಒಡಕೊಂಡ್ಲು. ಇರಾಕಿ ಒಬ್ಬಾಕೇ ಮಗಳು.

ನಂಗ ಅಂದ್ಲು, "ಗಾಡಿ ತಗೀ. ನಾನೇ ಹೋಗಿ ಆಕೀಗೆ ಹೇಳಿ ಬರ್ತೀನಿ."

ಹಾಡಹಗಲು. ಟಿಕೆಟ್ ತಗೊಂಡು ಒಳಗ ಹೋದ್ವಿ. ಅತ್ಯಾ ಪೆಟ್ಟಿಗಿ ಮುಂದ ಬಗ್ಗಿ, ಬಾಜೂ ಮನಿಯಾಕಿ ಕೂಡ ಮಾತಾಡಿದಂಗ ಮೆಲ್ಲಕ ಅಂದ್ಲು:

"ನನ್ನ ಮಗಳು ಬರೂದಿಲ್ಲ ನೋಡವ್ವಾ. ಸಣ್ಣ ಹುಡುಗಿ, ಬಾಯಿತಪ್ಪಿ ಅಂದಾಳ. ಆಕಿ ದಾರಿ ನೋಡಬ್ಯಾಡ."

ಏನೂ ಇಲ್ಲ... ಫ್ಯಾನಿನ ಸಪ್ಪಳ, ಅಷ್ಟ. ಖರೇ ಹೇಳ್ತೀನಿ, ನಂಗ ನಗು ತಡಿಯೂದು ಕಷ್ಟ ಆತು.

ಅತ್ಯಾ ಸೆರಗು ಸರಿ ಮಾಡಿಕೊಂಡು ಬಾಗಲತನಕ ಬಂದ್ಲು. ನಿಂತ್ಲು. ತಿರುಗಿ ಪೆಟ್ಟಿಗಿ ಕಡೆ ನೋಡಿದ್ಲು.

"ಬರ್ತೀನ್ರಿ."

ನಾ ಗಪ್ಪನ ಆಕಿ ಕೈ ಹಿಡದೆ. "ಅತ್ಯಾ! ಏನಂದಿ?"

ಹಿಂದ... ಟಕ್.

ರೂಢಿಲೇ ಬಾಯಿಗೆ ಬಂತೋ, ಬೇಕಂತ್ಲೇ ಅಂದ್ಲೋ... ಎಷ್ಟ್ ಕೇಳಿದ್ರೂ ಇವತ್ತಿಗೂ ಹೇಳಿಲ್ಲ. "ನಡೀ, ಮಗಳಿಗೆ ಹಸಿವಾಗಿರ್ತದ" ಅಂದ್ಲು, ಅಷ್ಟ.

ಅವತ್ತು ಅನುಜಾ ಹೊಟ್ಟಿ ತುಂಬ ಉಂಡು ಮಲಗಿದ್ಲು. ಆ ಸಪ್ಪಳ ಆಕೀಗೆ ಮತ್ತ ಕೇಳಿಲ್ಲ. ಮೊನ್ನೆ ಬ್ಯಾರೆ ಕಡೆ ಕೆಲಸಕ್ಕೂ ಸೇರಿದ್ಲು.

ನಿನ್ನೆ ನಾ ಅವರ ಮನ್ಯಾಗಿದ್ದೆ. ನಾನೂ ಅನುಜಾನೂ ಬಾಲ್ಕನಿಯೊಳಗ ಕೂತು ಚಹಾ ಕುಡೀತಿದ್ವಿ. ಒಳಗಿಂದ ಅತ್ಯಾ, "ಬಂದೆ, ಬಂದೆ... ತಡೀ" ಅಂದ್ಲು.

ನಾವು ಯಾರೂ ಕರದಿರಲಿಲ್ಲ.

ಎದ್ದು ಹೋಗಿ ನೋಡಿದೆ. ಅತ್ಯಾ ಅಡಗಿಮನ್ಯಾಗ ಬದನೀಕಾಯಿ ಹೆಚ್ಚಲಿಕ್ಕೆ ಹತ್ತಿದ್ಲು, ತಲಿ ಎತ್ತಲಿಲ್ಲ. ನೀವು ನಂಬ್ರಿ, ಬಿಡ್ರಿ, ನನ್ನ ಕಣ್ಣಾರೆ ಕಂಡದ್ದು ಹೇಳ್ತೀನಿ. ಖೋಲಿಯೊಳಗ ಅತ್ಯಾನ ಚಪ್ಪಲಿ ಆಕಿ ಹಾಸಿಗಿ ಬಾಜೂಕ ಇದ್ದವು, ತುದಿ ಬಾಗಲ ಕಡೆ.