ಅಪ್ಪನ ಶ್ರುತಿ ಸರಿಮಾಡಿದ್ದು

ಹಲೋ... ಯಾರು ಮಾತಾಡ್ತಿರೋದು? ಭಾವ, ನೀವಾ? ... ಓ, ಅಕ್ಕ, ನೀನಾ. ಭಾವನ ನಂಬರಿಂದ ಮಾಡಿದ್ಯಲ್ಲ, ಅದಕ್ಕೇ ಕೇಳ್ದೆ. ಹೇಳು, ನಾನು ಸರಿಮಾಡಿ ಕಳಿಸಿದ ಹಾಡು ಬಂತಾ? ಅಪ್ಪಂಗೆ ಕೇಳಿಸಿದ್ಯಾ?

...

ಹಾಂ? ಮುಖ ತಿರುಗಿಸಿಬಿಟ್ರಾ? ... ಬಾಯೇ ತೆರೀಲಿಲ್ವಾ?

...

ಅಲ್ಲ ಕಣೇ, ಸ್ಟ್ರೋಕ್ ಆಗಿ ಮಾತು ಹೋದವರಿಗೆ ಹಾಡಿಂದ ಮಾತು ಬರಬಹುದು, ಚೆನ್ನಾಗಿ ಗೊತ್ತಿರೋ ಹಾಡು ಕೇಳಿಸಿ ಅಂತ ಆ ಡಾಕ್ಟರಮ್ಮನೇ ತಾನೇ ಹೇಳಿದ್ದು? ಅವರದೇ ಹಾಡು, ಅವರದೇ ದನಿ. ಇನ್ನೇನು ಬೇಕಂತೆ?

...

ಹೋದ ವಾರ ಅವರ ಹಳೇ ರೆಕಾರ್ಡಿಂಗ್ ಕೇಳಿಸಿದ್ದಕ್ಕೆ ಗುನುಗಿದ್ರು, ನಿಜ. ಆದ್ರೆ ಆ ರೆಕಾರ್ಡಿಂಗಲ್ಲಿ ಅದೆಷ್ಟು ಅಪಶ್ರುತಿ ಇತ್ತು. ಮಾತು ಹೊಸದಾಗಿ ಕಲಿಸೋದೇ ಆದ್ರೆ ಸರಿಯಾಗಿರೋದನ್ನೇ ಕಲಿಸೋಣ ಅಂತ ಕೂತೆ. ತಪ್ಪಾ?

...

ಸುಲಭ ಅನ್ಕೊಂಡ್ಯಾ? ಈ ಶ್ರುತಿ ಸರಿಮಾಡೋ ಸಾಫ್ಟ್‌ವೇರು ನಮ್ಮ ಕಂಪ್ಯೂಟರಷ್ಟೇ ಹಳೇದು. ದನಿ ಪರದೆ ಮೇಲೆ ಗೆರೆ ಥರ ಬರತ್ತೆ, ಒಂದೊಂದೇ ಸ್ವರ ಹಿಡಿದು ಮೇಲಕ್ಕೆ ಎಳೀಬೇಕು. ಎರಡು ಎಳೆಯೋಷ್ಟರಲ್ಲಿ ಕೈಕೊಡತ್ತೆ. ಮತ್ತೆ ಮೊದಲಿಂದ. ಸ್ವಲ್ಪ ಜಾಸ್ತಿ ಎಳೆದ್ರೆ ಅಪ್ಪ, ಲಿಫ್ಟಲ್ಲಿ ಮಹಡಿ ಹೇಳುತ್ತಲ್ಲ, ಆ ಯಂತ್ರದ ಥರ ಹಾಡ್ತಾರೆ. ನನ್ನ ರಜೆ ಪೂರ್ತಿ ಇದಕ್ಕೇ ಹೋಯ್ತು.

...

ಹಳೇದು ಕಳಿಸು ಅಂದ್ರೆ? ... ಇಲ್ಲ. ... ಇಲ್ಲ ಅಂದ್ನಲ್ಲ. ಹೊಸದು ಅದರ ಮೇಲೇ ಸೇವ್ ಆಗ್ಹೋಯ್ತು. ಈ ದರಿದ್ರದ್ದು ಒಂದು ಮಾತು ಕೇಳೋದೂ ಇಲ್ಲ. ಅಪ್ಪ ಹಾಡಿದ್ದ ಮೂಲ ಕ್ಯಾಸೆಟ್ಟು ಯಾವಾಗಲೋ ಸಿಕ್ಕಿಕೊಂಡು ಹರೀತಲ್ಲ. ... ನಿನ್ನ ಫೋನಲ್ಲಿದ್ದಿದ್ದು? ... ಅಳಿಸಿದ್ಯಾ? ಯಾಕೆ? ... ನಾನೇ ಅಳಿಸು ಅಂದ್ನಾ...

...

ಬಯ್ಬೇಡ. ಹಾಡು ಸರಿಯಾಗಿದೆ. ಈಗ್ಲೇ ಹಾಕಿ ಜೊತೆಗೆ ನಾನೂ ಹಾಡ್ತೀನಿ, ನೀನೇ ಕೇಳು. "ಏಳು ಏಳು ಸೋಮಾರಿ, ಬಿಸಿಲು ಬಂತು..." ಥೂ, ತಡಿ. ಇನ್ನೊಂದ್ಸಲ. "ಬಿಸಿಲು ಬಂತು ಬಾಗಿಲಿಗೆ..."

...

ನಗಬೇಡ. ನಂಗೂ ಕೇಳಿಸ್ತು. ಅಪ್ಪ ಮೇಲೆ ಹೋಗ್ತಾರೆ, ನಾನು ಕೆಳಗೆ ಬೀಳ್ತೀನಿ. ನೀನು ಹಾಡು ನೋಡೋಣ. ... ನೋಡು, ನೀನೂ ಅಲ್ಲೇ ಬಿದ್ದೆ. ... ಅಮ್ಮನೂ ಹಂಗೇ ಹಾಡೋದಾ?

...

ಹೌದಲ್ವಾ. ಅಪ್ಪ ದಿನಾ ಬೆಳಿಗ್ಗೆ ನಮ್ಮ ಹೊದಿಕೆ ಎಳೀತಾ ಹಾಡೋರು, ಅಲ್ಲಿಗೆ ಬಂದಾಗೆಲ್ಲ ದನಿ ಜಾರೋದು. ಮನೆಮಂದಿಯೆಲ್ಲ ಹಂಗೇ ಕಲಿತ್ವಿ. ಅವರಿಗೆ ಗೊತ್ತಿರೋ ಹಾಡು ಅದೇ. ನಾನು ಕೂತು ಅದನ್ನೇ ಅಳಿಸಿಹಾಕ್ದೆ. ಭಯ ಆಗ್ತಿದೆ ಅಕ್ಕ.

...

ಆ ಸ್ವರಾನ ವಾಪಸ್ ಕೆಳಗಿಳಿಸೋಕೆ ನೋಡ್ತಿದೀನಿ, ಪರದೆ ಮತ್ತೆ ಅಲ್ಲಾಡ್ತಿಲ್ಲ. ಇದನ್ನ ಎತ್ತಿ ಆಚೆ ಎಸೀತೀನಿ. ... ಏನು? ನಾನು ಹಾಡೋದಾ? ಫೋನಲ್ಲಾ? ... ನನ್ನ ದನಿ ಅಪ್ಪನ ಥರಾನೇ ಅಂತ ಅಮ್ಮ ಅಂದ್ಳಾ? ... ಸರಿ. ಅಪ್ಪನ ಕಿವಿ ಹತ್ರ ಹಿಡಿ.

...

ಅಪ್ಪಾ, ನಾನು. ... "ಏಳು ಏಳು ಸೋಮಾರಿ, ಬಿಸಿಲು ಬಂತು..."

...

ಅಕ್ಕ, ಯಾರದು? "ಬಾಗಿಲಿಗೆ" ಅಂದಿದ್ದು ಯಾರು? ... ನೀನಲ್ವಾ? ... ಅಮ್ಮನೂ ಅಲ್ವಾ?

...

ಅಳಬೇಡ, ಫೋನ್ ತೆಗೀಬೇಡ, ಅಲ್ಲೇ ಹಿಡಿ. ಅಪ್ಪಾ, ಮುಂದೆ? ಮುಂದೆ ಏನಪ್ಪಾ? ... ಹಲೋ? ಲೈನ್ ಹೋಯ್ತಾ? ... ಅಪ್ಪಾ? ... ಹಲೋ...