ಪೆಸಿಫಿಕಾದ ತಲೆಯನ್ನು ನೀರಿಗೆ ಬಿಟ್ಟ ಬಗ್ಗೆ

ಹೆಸರು: ವಿರುಪಾಕ್ಷಪ್ಪ. ವಯಸ್ಸು: 66 ವರ್ಷ. ಉದ್ಯೋಗ: ಶಿಲ್ಪಿ, ಮೈಸೂರಿನಲ್ಲಿ ಶಿಲ್ಪಕಲೆಯ ಮೇಷ್ಟ್ರಾಗಿದ್ದು ನಿವೃತ್ತಿ. ವಾಸ: ಮಗಳು ಭಾವನಾಳ ಮನೆ, ಸ್ಯಾನ್ ಮಟಿಯೋ. ನಾನು ಕನ್ನಡದಲ್ಲಿ ಹೇಳಿದ್ದನ್ನು ದುಭಾಷಿ ಮಾಧುರಿಯವರು ಬರೆದುಕೊಂಡಿದ್ದಾರೆ. ಪೊಲೀಸಿನವರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

1939ರ ವಿಶ್ವಮೇಳಕ್ಕೆಂದು ಇಲ್ಲಿನ ಕೊಲ್ಲಿಯಲ್ಲಿರುವ ಟ್ರೆಷರ್ ಐಲ್ಯಾಂಡ್ ದ್ವೀಪದಲ್ಲಿ ಪೆಸಿಫಿಕಾ ಎಂಬ ಎಂಬತ್ತು ಅಡಿಯ ಹೆಣ್ಣುಮೂರ್ತಿ ನಿಲ್ಲಿಸಿದ್ದರು. ಯುದ್ಧದ ಕಾಲದಲ್ಲಿ ಕೆಡವಿದರು. ಅದನ್ನು ಮತ್ತೆ ಕಟ್ಟಲು ಒಂದು ಸಮಿತಿಯಿದ್ದು, ಮಾದರಿಗೆ ತಲೆಯನ್ನು ಮಣ್ಣಿನಲ್ಲಿ ಮಾಡಿ ತೋರಿಸಲು ನನಗೆ ಹೇಳಿದ್ದರು. ತೋರಿಸಬೇಕಾದದ್ದು ಇವತ್ತು ಬೆಳಿಗ್ಗೆ 11ಕ್ಕೆ. ಒಪ್ಪಿದರೆ ಇಡೀ ಮೂರ್ತಿ ನನ್ನ ಕೈಗೆ, ಇಲ್ಲವಾದರೆ ಬೇರೆಯವರಿಗೆ. ಮೂವತ್ತೈದು ವರ್ಷ ಹುಡುಗರು ಮಾಡಿದ ಮೂಗು ತಿದ್ದಿದವನು ನಾನು. ಇಷ್ಟು ದೊಡ್ಡ ಕೆಲಸ ಇನ್ನೊಂದು ಸಿಗುವುದಿಲ್ಲವೆಂದು ಗೊತ್ತಿತ್ತು.

ಹಳೆಯ ಫೋಟೋ ನೋಡಿ 23 ದಿನದಲ್ಲಿ ತಲೆ ಮುಗಿಸಿದೆ. ಎತ್ತರ ಎರಡಡಿ, ತೂಕ ಸುಮಾರು 90 ಪೌಂಡು. ಚೆನ್ನಾಗಿ ಬಂದಿತ್ತು. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ನಿನ್ನೆ ಸಂಜೆ ಬೇಗ ಒಣಗಲೆಂದು ಗ್ಯಾರೇಜಿನಲ್ಲಿ ಹೀಟರ್ ಹಾಕಿದೆ. ನನ್ನ ಜೊತೆ ಮೂರ್ತಿಗೆ ಅಚ್ಚು ತೆಗೆಯುವ ಕೆಲಸ ಮಾಡುವ ಜಬ್ಬಾರ್, 52 ವರ್ಷ, ಬಾಗಲಕೋಟೆ ಕಡೆಯವನು, ಬೇಡವೆಂದ. ನನಗೆ ಗೊತ್ತು, ಸುಮ್ಮನಿರು ಎಂದೆ. ಇವತ್ತು 6:40ಕ್ಕೆ ಇಬ್ಬರೂ ಬಾಗಿಲು ತೆಗೆದು ನೋಡಿದರೆ ಹಣೆಯಿಂದ ಗಲ್ಲದವರೆಗೆ ಬಿರುಕು. ಅಲ್ಲೇ ಬಕೆಟ್ಟಿನ ಮೇಲೆ ಕುಳಿತೆ.

“ಹಸಿಮಣ್ಣು ತುಂಬಿ ಮ್ಯಾಲ ಬಣ್ಣ ಹಚ್ಚಿದ್ರ ಯಾರಿಗೆ ಗೊತ್ತಾಗ್ತದ್ರಿ ಅಣ್ಣಾರ?” ಎಂದ ಜಬ್ಬಾರ್.

ಭಿನ್ನವಾದ ಮೂರ್ತಿಗೆ ನಾವು ತೇಪೆ ಹಾಕುವುದಿಲ್ಲ, ನೀರಿಗೆ ಬಿಟ್ಟು ಹೊಸದು ಮಾಡುತ್ತೇವೆ ಎಂದೆ. ಇದೇನು ದೇವರ ಮೂರ್ತಿಯೇ, ಎಕ್ಸಿಬಿಷನ್ನಿನ ಗೊಂಬೆ ಎಂದು ಅವನು ರೇಗಿದ. ಕಣ್ಣು ತಿದ್ದಿ ಜೀವ ಕೊಟ್ಟ ಮೇಲೆ ನನಗೆ ಎಲ್ಲವೂ ಒಂದೇ ಎಂದೆ. ಬೈಯುತ್ತಲೇ ತಲೆಯ ಇನ್ನೊಂದು ಕಡೆ ಹಿಡಿದುಕೊಂಡ.

ಬಿಳಿ ಪಂಚೆಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿಟ್ಟು, 600 ಅಡಿ ದೂರದ ಕೊಲ್ಲಿಯ ದಂಡೆಗೆ 7:15ಕ್ಕೆ ಹೋದೆವು. ಜಾಗಿಂಗಿಗೆ ಬಂದ ಹೆಂಗಸೊಬ್ಬರು ಪಂಚೆ ಸರಿದು ಕಂಡ ಕಿವಿ ನೋಡಿ, ಹೆಣದ ತಲೆಯೆಂದು ಪೊಲೀಸರಿಗೆ ಫೋನ್ ಮಾಡಿದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಿವಿ ಅಷ್ಟು ಚೆನ್ನಾಗಿತ್ತು.

7:31ಕ್ಕೆ ನಾವು ಮೊಳಕಾಲುದ್ದ ನೀರಿನಲ್ಲಿದ್ದಾಗ ಇಬ್ಬರು ಅಧಿಕಾರಿಗಳು 30 ಅಡಿ ದೂರದಿಂದ ಕೈ ಮೇಲೆತ್ತಲು ಹೇಳಿದರು. ಜಬ್ಬಾರ್ ಕೈ ಎತ್ತಿಬಿಟ್ಟ. ಭಾರವೆಲ್ಲ ನನ್ನ ಮೇಲೆ ಬಿತ್ತು. ನಾನೂ ಎತ್ತಿದ್ದರೆ ತಲೆ ದಪ್ಪನೆ ಬೀಳುತ್ತಿತ್ತು. ಆದ್ದರಿಂದ ತೊಡೆಗೆ ಆನಿಸಿಕೊಂಡು ಮೆಲ್ಲಗೆ ನೀರಿಗಿಳಿಸಿ, ಕೈ ಮುಗಿದು, ಆಮೇಲೆ ಕೈ ಮೇಲೆತ್ತಿದೆ. ತಡವಾದದ್ದಕ್ಕೆ ಕ್ಷಮಿಸಬೇಕು. ಹತ್ತು ನಿಮಿಷದ ನಂತರ ಅಧಿಕಾರಿಗಳು ಪಂಚೆ ಬಿಚ್ಚಿ ನೋಡಿದಾಗ ಮೂಗು, ತುಟಿ ಕರಗಿ ಕೆಸರಾಗಿದ್ದವು.

ನಮ್ಮನ್ನು ಸ್ಟೇಷನ್ನಿಗೆ ಕರೆತಂದು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಗೋಡೆಯ ಗಡಿಯಾರದಲ್ಲಿ 11 ಆದದ್ದನ್ನು ನೋಡಿದೆ. ಅದಾದ ಮೇಲಿನ ಐದು ನಿಮಿಷ ಮಾತ್ರ ನನಗೆ ಬಹಳ ಕಷ್ಟವಾಯಿತು. 11:20ಕ್ಕೆ ಭಾವನಾ ಬಂದು, ಸಮಿತಿಯವರಿಗೆ ವಿಷಯ ತಿಳಿಸಿದ್ದಾಗಿಯೂ, ಕೈಮೀರಿದ ಅವಘಡವಾಗಿದ್ದರೆ ಮಾತ್ರ ಇನ್ನೊಂದು ಅವಕಾಶ ಕೊಡುವುದಾಗಿ ಅವರು ಹೇಳಿದರೆಂದೂ ತಿಳಿಸಿದಳು.

ಜಬ್ಬಾರ್ ತನ್ನ ಹೇಳಿಕೆಯಲ್ಲಿ, ಮಣ್ಣೇ ಕೆಟ್ಟದ್ದು, ಬಿರುಕು ಮುಚ್ಚಲು ಬರುತ್ತಿರಲಿಲ್ಲ, ಅಣ್ಣನ ತಪ್ಪೇನೂ ಇಲ್ಲ ಎಂದಿದ್ದಾನೆಂದು ಮಾಧುರಿಯವರು ಓದಿ ಹೇಳಿದರು. ಅದು ಪ್ರೀತಿಗೆ ಹೇಳಿದ ಸುಳ್ಳು. ಮಣ್ಣು ಚೆನ್ನಾಗಿತ್ತು. ಹೀಟರ್ ಹಾಕಿದವನು ನಾನು. ಬಿರುಕು ಮುಚ್ಚಲು ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸಮಿತಿಗೆ ತೋರಿಸಲು ನನ್ನ ಹತ್ತಿರ ತಲೆಯಿಲ್ಲ. ಈ ಹೇಳಿಕೆಯ ಪ್ರತಿಯನ್ನೇ ಅವರಿಗೆ ಕೊಡಬೇಕೆಂದು ಕೋರುತ್ತೇನೆ. 23 ದಿನ ಕೊಟ್ಟರೆ ಇದಕ್ಕಿಂತ ಚೆನ್ನಾಗಿ ಮಾಡುತ್ತೇನೆ. ಈ ಸಲ ಹೀಟರಿನ ಸ್ವಿಚ್ಚು ಜಬ್ಬಾರನ ಕೈಯಲ್ಲಿರುತ್ತದೆ.

ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಸ್ಯಾನ್ ಮಟಿಯೋ
ದಿನಾಂಕ: 14-5-2024, ಮಧ್ಯಾಹ್ನ 12:40
ಸಹಿ: ವಿರುಪಾಕ್ಷಪ್ಪ
(ಪಕ್ಕದ ಮಣ್ಣಿನ ಗುರುತು ನನ್ನ ಹೆಬ್ಬೆರಳಿನದು.)